ಉದ್ಯಾನದ ರೊಕ್ಕ ಮೊದಲು ಯಾವ ಓಣಿಗೆ?

(ದಢೇಸುಗೂರಿನಲ್ಲಿ ಸೇರಿದ್ದ ಅಕ್ಕಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹಗಲೆಲ್ಲ ಚೀಲ ಹೊತ್ತು, ಅಂಗಳದಲ್ಲಿ ನೆಲ್ಲು ಹರವಿ, ಅಂಗಡಿಯ ಬಾಗಿಲು ಹಾಕಿ, ಉಂಡು ಬಂದು ಕುಳಿತಿದ್ದೀರಿ. ತುಂಗಭದ್ರೆಯ ಮೇಲಿನ ಗಾಳಿ ಇಲ್ಲಿಯವರೆಗೂ ಬೀಸುತ್ತಿದೆ. ಇಂಥ ಗಾಳಿ ಕಾಸಿಲ್ಲದೆ ಸಿಗುವ ಹಳ್ಳಿಯಲ್ಲಿ ಕುಳಿತು ಪಟ್ಟಣದ ಉದ್ಯಾನಗಳ ಮಾತು ಏಕೆ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ನಕ್ಕಿರಬಹುದು. ಆ ನಗೆಗೆ ಮೊದಲು ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ.

ನಾವು ಮಲಗುವುದು ದಢೇಸುಗೂರಿನಲ್ಲಿ, ದುಡಿಯುವುದು ಸಿಂಧನೂರಿನಲ್ಲಿ. ಕೆಲವರು ಸೇತುವೆ ದಾಟಿ ಸಿರುಗುಪ್ಪದ ಗಿರಣಿಗಳಿಗೆ ಹೋಗುತ್ತೀರಿ. ಬೆಳಗಿನ ಬಸ್ಸಿಗೆ ಹೋದವರು ರಾತ್ರಿಯ ಬಸ್ಸಿಗೆ ಬರುತ್ತೀರಿ. ನಡುವಿನ ಹನ್ನೆರಡು ಗಂಟೆ ನಾವು ಪಟ್ಟಣದ ಜನ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ಬಸ್ಸು ತಪ್ಪಿ ಎರಡು ತಾಸು ಕಾಯುವಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿಸಿ ಹೊರಗೆ ಕುಳಿತಾಗ ನಮಗೆ ಬೇಕಾಗುವುದು ಒಂದು ಮರ, ಒಂದು ಕಟ್ಟೆ, ಒಂದು ನಲ್ಲಿ. ಇವು ಮೂರೂ ಇರುವ ಜಾಗಕ್ಕೆ ಪಾರ್ಕು ಎನ್ನುತ್ತಾರೆ. ನಮ್ಮ ಹಿರಿಯರು ಬಗೀಚಾ ಎನ್ನುತ್ತಿದ್ದರು. ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದಾಗ ರಾಜಧಾನಿ ಹೈದರಾಬಾದಿನಲ್ಲಿದ್ದ ದೊಡ್ಡ ತೋಟಕ್ಕೆ ಬಾಗ್-ಎ-ಆಮ್ ಎಂದು ಹೆಸರು. ಆಮ್ ಎಂದರೆ ಎಲ್ಲರದು. ಹೆಸರೇನೋ ಎಲ್ಲರದು. ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದೇ ಇಂದಿನ ಪ್ರಶ್ನೆ.

ಒಂದು ಮಗುವಿನ ಕಥೆ

ನಾನು ಪಂಡಿತನಲ್ಲ. ಹನ್ನೆರಡು ವರ್ಷ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತೆ. ಬೆನ್ನು ಸೋತ ಮೇಲೆ ಒಂದು ಸಣ್ಣ ಕಿರಾಣಿ ಅಂಗಡಿ ಇಟ್ಟೆ. ಗಿರಣಿಯವರ ಕಷ್ಟವೂ ಗೊತ್ತು, ತಕ್ಕಡಿ ಹಿಡಿದವರ ಕಷ್ಟವೂ ಗೊತ್ತು.

ನಾನು ಚೀಲ ಹೊರುತ್ತಿದ್ದ ಊರಿನ ಹೆಸರು ಹೇಳುವುದಿಲ್ಲ, ಗಿರಣಿಯ ಹೆಸರೂ ಬೇಡ. ನಮ್ಮ ಓಣಿ ಗಿರಣಿಯ ಹಿಂದಿತ್ತು. ಒಂದೊಂದು ಕೋಣೆಯ ತಗಡಿನ ಮನೆಗಳು. ಬಾಯ್ಲರಿನ ಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ, ರೊಟ್ಟಿಯ ಮೇಲೆ ಕೂರುತ್ತಿತ್ತು. ಓಣಿಯ ತುದಿಯಲ್ಲಿ ಅರ್ಧ ಎಕರೆಯ ಖಾಲಿ ಜಾಗ. ನಕ್ಷೆಯಲ್ಲಿ ಅದು ಉದ್ಯಾನ. ಕಣ್ಣಿಗೆ ಕಾಣುವುದು ಕಸದ ಗುಡ್ಡೆ, ಜಾಲಿಕಂಟಿ, ಹಂದಿಗಳು. ಅದೇ ವರ್ಷ ಊರಿನ ಇನ್ನೊಂದು ತುದಿಯ ಪಾರ್ಕಿಗೆ ಕಾರಂಜಿ ಕೂಡಿಸಿದರು, ಬಣ್ಣದ ದೀಪ ಹಾಕಿದರು. ಅದಕ್ಕೆ ಮೊದಲೇ ಅಲ್ಲಿ ಹುಲ್ಲುಹಾಸು ಇತ್ತು, ಕಲ್ಲಿನ ಬೆಂಚುಗಳಿದ್ದವು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನನ್ನ ತಮ್ಮನ ಮಗ, ಆರು ವರ್ಷದವನು, ಆಡಿ ಆಡಿ ದಣಿದು ನೆರಳು ಹುಡುಕಿದ. ಓಣಿಯಲ್ಲಿ ಒಂದು ಗಿಡವಿಲ್ಲ. ಕಾದ ತಗಡಿನ ಮನೆಯೊಳಗೆ ಕೂರಲಾಗದು. ಗಿರಣಿಯ ಮುಂದೆ ನಿಂತಿದ್ದ ಲಾರಿಯ ಕೆಳಗೆ ತಂಪಿತ್ತು. ಅಲ್ಲಿ ಹೋಗಿ ಮಲಗಿಬಿಟ್ಟ. ಲೋಡು ಮುಗಿದ ಮೇಲೆ ಡ್ರೈವರು ಲಾರಿಯನ್ನು ಹಿಂದಕ್ಕೆ ತೆಗೆದ. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಇಂದು ಅವನಿಗೆ ಮೀಸೆ ಬಂದಿದೆ. ಊರುಗೋಲಿನಲ್ಲಿ ನಡೆಯುತ್ತಾನೆ.

ತಪ್ಪು ಡ್ರೈವರನದೆಂದು ಪೊಲೀಸರು ಬರೆದುಕೊಂಡರು. ತಪ್ಪು ತಾಯಿಯದೆಂದು ನೆರೆಯವರು ಆಡಿಕೊಂಡರು. ಆದರೆ ಊರಿನಲ್ಲಿ ನೆರಳು ಹಂಚಿದವರು ಯಾರು, ಹೇಗೆ ಹಂಚಿದರು ಎಂದು ಅಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಂದು ಕೇಳಲು ನಿಂತಿದ್ದೇನೆ.

ಕಾಲುವೆಯ ನ್ಯಾಯ

ಹಂಚಿಕೆಯ ಪಾಠವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯೇ ನಮ್ಮ ಶಾಲೆ. ಅಣೆಕಟ್ಟಿನ ಕೆಲಸ 1945ರಲ್ಲಿ ಮೊದಲಾಯಿತು. 1953ರಲ್ಲಿ ನೀರು ಹರಿಯಿತು. ಮುನಿರಾಬಾದಿನಿಂದ ಹೊರಟ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ರಾಯಚೂರಿನ ಕಡೆಗೆ 225 ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಯೋಜನೆ ಮಾಡಿದವರು ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಎಂದು ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ನೀರು ಕಂಡವರು ಬತ್ತ ಹಚ್ಚಿದರು. ಕೊನೆಭಾಗದ ರೈತ ಇಂದಿಗೂ ಕಾಲುವೆಯ ಒಣ ತಳ ನೋಡಿ ರಸ್ತೆಗಿಳಿಯುತ್ತಾನೆ.

ಮೇಲಿನವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ತೂಬು ಅವನ ಹೊಲದ ಮುಂದೆ ಇತ್ತು, ಅವನು ಎತ್ತಿದ. ಹಂಚಿಕೆಗೆ ಕಾವಲು ಇಲ್ಲದಿದ್ದರೆ ಹತ್ತಿರ ಇದ್ದವನಿಗೇ ನೀರು. ಇದು ಕಾಲುವೆಯ ನ್ಯಾಯ. ಮ್ಯುನಿಸಿಪಾಲಿಟಿಯ ರೊಕ್ಕಕ್ಕೂ ಇದೇ ನ್ಯಾಯ. ಕಚೇರಿಗೆ ಹತ್ತಿರ ಇದ್ದ ಬಡಾವಣೆ, ಅರ್ಜಿ ಬರೆಯಬಲ್ಲ ಬಡಾವಣೆ, ಸದಸ್ಯರಿಗೆ ಫೋನು ಮಾಡಬಲ್ಲ ಬಡಾವಣೆ ಮೊದಲು ತೂಬು ಎತ್ತುತ್ತದೆ. ಗಿರಣಿಯ ಹಿಂದಿನ ಓಣಿ ಕಾಲುವೆಯ ಕೊನೆಭಾಗ. ಅಲ್ಲಿಗೆ ಮಾರ್ಚ್ ತಿಂಗಳಲ್ಲಿ ಉಳಿದ ತೇವವೂ ಮುಟ್ಟುವುದಿಲ್ಲ.

ಹಂಚುವವರು ಯಾರು?

ಸಂವಿಧಾನದ 74ನೆಯ ತಿದ್ದುಪಡಿ 1992ರಲ್ಲಿ ಆಯಿತು, 1993ರಲ್ಲಿ ಜಾರಿಗೆ ಬಂತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಣದ ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬಹುದಾದ ಹದಿನೆಂಟು ಕೆಲಸಗಳಿವೆ. ಉದ್ಯಾನ, ತೋಟ, ಆಟದ ಬಯಲು ಅವುಗಳಲ್ಲಿ ಸೇರಿವೆ. ಅಂದರೆ ಇದು ದಯೆಯ ಮಾತಲ್ಲ, ಕೆಲಸದ ಪಟ್ಟಿಯಲ್ಲಿರುವ ಮಾತು. ಸಿಂಧನೂರಿನ ನಗರಸಭೆಯಾಗಲಿ, ಲಿಂಗಸುಗೂರಿನ, ಮಸ್ಕಿಯ ಪುರಸಭೆಗಳಾಗಲಿ ಇದಕ್ಕೆ ಉತ್ತರ ಹೇಳಬೇಕಾದವು.

ಆದರೆ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ಮಾತ್ರ ವಾರ್ಡು ಸಮಿತಿ ಇರಲೇಬೇಕೆಂದು ಆ ತಿದ್ದುಪಡಿ ಹೇಳುತ್ತದೆ. ನಮ್ಮ ಊರುಗಳು ಅಷ್ಟು ದೊಡ್ಡವಲ್ಲ. ಓಣಿಯ ಜನ ಕುಳಿತು ಮಾತಾಡುವ ಕಟ್ಟೆಯೇ ಕಾನೂನಿನಲ್ಲಿ ನಮಗೆ ಗಟ್ಟಿಯಾಗಿ ಸಿಕ್ಕಿಲ್ಲ.

ರೊಕ್ಕದ ಕಥೆಯೂ ಹೀಗೆಯೇ. ಕೇಂದ್ರ ಸರ್ಕಾರ 2015ರಲ್ಲಿ ಅಮೃತ್ ಯೋಜನೆ ತಂದಿತು. ನೀರು ಮತ್ತು ಚರಂಡಿಯ ಜೊತೆಗೆ ಉದ್ಯಾನಗಳಿಗೂ ಸಣ್ಣ ಪಾಲು ಇಟ್ಟಿತು: ಯೋಜನೆಯ ಮೊತ್ತದಲ್ಲಿ ನೂರಕ್ಕೆ ಎರಡೂವರೆಯವರೆಗೆ. ಅದರಲ್ಲಿ ಲಕ್ಷ ಮೀರಿದ ಊರುಗಳಿಗೆ ಆದ್ಯತೆ. ರಾಯಚೂರು ಸೇರಿತು, ಸಿಂಧನೂರು ಮತ್ತು ಲಿಂಗಸುಗೂರಿನಂಥ ಊರುಗಳು ಹೊರಗೆ ನಿಂತವು. 2021ರಲ್ಲಿ ಬಂದ ಎರಡನೆಯ ಹಂತ ಎಲ್ಲ ಪಟ್ಟಣಗಳಿಗೂ ಬಾಗಿಲು ತೆರೆಯಿತು. ಬಾಗಿಲು ತೆರೆದ ಮಾತ್ರಕ್ಕೆ ಕೊನೆಯ ಓಣಿಯವನು ಒಳಗೆ ಬಂದ ಹಾಗಲ್ಲ. ಬರುವ ರೊಕ್ಕ ಸ್ವಲ್ಪ. ಸ್ವಲ್ಪ ಇದ್ದಾಗಲೇ ಮೊದಲು ಯಾರಿಗೆ ಎಂಬ ಪ್ರಶ್ನೆ ಹುಟ್ಟುವುದು. ಬೇಕಾದಷ್ಟು ಇದ್ದರೆ ಯಾರೂ ಸಾಲು ನಿಲ್ಲುವುದಿಲ್ಲ.

ಸಮಪಾಲು ಸಮಬಾಳಲ್ಲ

ಈಗ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಹಂಚುತ್ತಾರೆ. ಮೊದಲನೆಯದು, ಇರುವ ದೊಡ್ಡ ಪಾರ್ಕಿಗೇ ಮತ್ತೆ ಸುರಿಯುವುದು. ಊರಿಗೆ ಶೋಭೆ ಎನ್ನುತ್ತಾರೆ. ಮಂತ್ರಿಗಳು ಬಂದಾಗ ತೋರಿಸಲು, ನಾಮಫಲಕ ಹಾಕಲು ಅನುಕೂಲ. ಬೆಂಗಳೂರನ್ನೇ ನೋಡಿ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 240 ಎಕರೆಯದು. 1870ರಲ್ಲಿ ಹುಟ್ಟಿದ ಕಬ್ಬನ್ ಪಾರ್ಕು ಊರಿನ ನಟ್ಟನಡುವೆ ಇದೆ. ಎರಡೂ ನಾಡಿನ ಹೆಮ್ಮೆ, ಉಳಿಯಲೇಬೇಕು. ಆದರೆ ಪೀಣ್ಯದ ಕಾರ್ಖಾನೆಯ ಹೆಣ್ಣುಮಗಳು ಸಂಜೆ ಏಳಕ್ಕೆ ಕೆಲಸ ಬಿಟ್ಟು ಬಸ್ಸು ಹತ್ತಿ ಲಾಲ್‌ಬಾಗಿಗೆ ಗಾಳಿ ಸೇವನೆಗೆ ಹೋಗಲಾರಳು. ಅವಳಿಗೆ ಬೇಕಾದದ್ದು ಮನೆಯ ಹತ್ತಿರದ ನಾಲ್ಕು ಮರ.

ಎರಡನೆಯ ದಾರಿ ವಾರ್ಡಿಗೆ ಇಷ್ಟೆಂದು ಸಮಪಾಲು ಮಾಡುವುದು. ಇದು ನ್ಯಾಯದ ವೇಷ ತೊಟ್ಟು ಬರುತ್ತದೆ, ಆದ್ದರಿಂದ ಇನ್ನೂ ಎಚ್ಚರ ಬೇಕು. ಉಂಡು ತೇಗಿದವನಿಗೂ ಒಂದು ರೊಟ್ಟಿ, ಮೂರು ದಿನ ಉಪವಾಸವಿದ್ದವನಿಗೂ ಒಂದು ರೊಟ್ಟಿ ಕೊಟ್ಟರೆ ಲೆಕ್ಕ ಸರಿಯಾಗಬಹುದು, ಹೊಟ್ಟೆ ಸರಿಯಾಗುವುದಿಲ್ಲ. ಒಂದು ವಾರ್ಡಿನಲ್ಲಿ ಮನೆಗೊಂದು ಅಂಗಳ, ಅಂಗಳಕ್ಕೊಂದು ತೆಂಗು. ಇನ್ನೊಂದರಲ್ಲಿ ಎಂಟು ಜನಕ್ಕೆ ಒಂದು ಕೋಣೆ. ಇಬ್ಬರಿಗೂ ಎರಡೆರಡು ಲಕ್ಷ ಕೊಟ್ಟರೆ ಮೊದಲನೆಯವರು ಪಾದಚಾರಿ ದಾರಿಗೆ ಹೊಸ ಕಲ್ಲು ಹಾಸುತ್ತಾರೆ. ಎರಡನೆಯವರಿಗೆ ಕಸ ತೆಗೆಸುವಷ್ಟರಲ್ಲಿ ರೊಕ್ಕ ಮುಗಿದಿರುತ್ತದೆ.

ಹೊರಗಿನವರು ಮಾಡಿದ ಲೆಕ್ಕ

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ನಮ್ಮ ದೇಶದ ಹತ್ತಿಯನ್ನು ನೂಲು ಮಾಡಿ ನಮಗೇ ಮಾರಿದ ಮ್ಯಾಂಚೆಸ್ಟರಿನಲ್ಲಿ ಗಿರಣಿಯ ಜನ ಹೊಗೆ ಕುಡಿದು ಬದುಕುತ್ತಿದ್ದರು. ಅಲ್ಲಿ ಮತ್ತು ಪಕ್ಕದ ಸಾಲ್ಫರ್ಡಿನಲ್ಲಿ 1846ರ ಆಗಸ್ಟಿನಲ್ಲಿ ಮೂರು ಸಾರ್ವಜನಿಕ ಉದ್ಯಾನಗಳು ತೆರೆದವು. ಅವಕ್ಕಾಗಿ ವಂತಿಗೆ ಎತ್ತಿದಾಗ ಸಿರಿವಂತರ ಜೊತೆಗೆ ಗಿರಣಿಯ ಕೂಲಿಕಾರರೂ ತಮ್ಮ ಚಿಲ್ಲರೆ ಕಾಸು ಹಾಕಿದರು. ಪಾರ್ಕು ಶ್ರೀಮಂತರ ಶೋಕಿ ಎಂದುಕೊಂಡವರು ಇದನ್ನು ನೆನಪಿಡಬೇಕು.

ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಪಟ್ಟಣದಲ್ಲಿ ಕಾರ್ಮಿಕರ ಪಕ್ಷ ನಗರಾಡಳಿತ ಹಿಡಿದು 1989ರಿಂದ ಹೊಸದೊಂದು ಪದ್ಧತಿ ತಂದಿತು. ಊರನ್ನು ಹದಿನಾರು ಭಾಗ ಮಾಡಿ, ಒಂದೊಂದು ಭಾಗದ ಜನರನ್ನೂ ಬಯಲಿಗೆ ಕರೆದು, ಬಜೆಟ್ಟಿನ ರೊಕ್ಕ ಎಲ್ಲಿಗೆ ಹೋಗಬೇಕೆಂದು ಕೇಳಿತು. ಕೇಳಿ ಬಿಟ್ಟದ್ದಲ್ಲ. ಮೂರು ಅಳತೆಗೋಲು ಇಟ್ಟಿತು: ಆ ಭಾಗದಲ್ಲಿ ಜನ ಎಷ್ಟು, ಆ ಸೌಕರ್ಯದ ಕೊರತೆ ಎಷ್ಟು, ಜನ ಅದಕ್ಕೆ ಎಷ್ಟನೆಯ ಸ್ಥಾನ ಕೊಟ್ಟರು. ಮೂರನ್ನೂ ಅಂಕಿಗೆ ಇಳಿಸಿ ಹಂಚಿದರು. 2004ರ ಚುನಾವಣೆಯಲ್ಲಿ ಆ ಪಕ್ಷ ಸೋತಿತು. ಮುಂದೆ ಪದ್ಧತಿಯೂ ಸೊರಗಿತು. ಅದರಿಂದ ಕಲಿಯಬೇಕಾದ ಪಾಠವೂ ಒಂದಿದೆ. ಜನರ ಹಕ್ಕನ್ನು ಒಂದು ಪಕ್ಷದ ಒಳ್ಳೆಯ ಮನಸ್ಸಿಗೆ ಕಟ್ಟಿಹಾಕಿದರೆ ಆ ಪಕ್ಷದ ಜೊತೆಗೆ ಅದೂ ಹೋಗುತ್ತದೆ. ನಿಯಮದ ಪುಸ್ತಕದಲ್ಲಿ ಬರೆಸಬೇಕು.

ಹಾಗೆ ಬರೆಸಿದವರು ಅಮೆರಿಕದ ಮಿನಿಯಾಪೊಲಿಸ್ ಊರಿನವರು. ಅಲ್ಲಿ ಉದ್ಯಾನಗಳಿಗೆ ಪ್ರತ್ಯೇಕ ಚುನಾಯಿತ ಮಂಡಳಿಯೇ ಇದೆ, 1883ರಿಂದ. 2016ರಲ್ಲಿ ಅವರು ಓಣಿಯ ಪಾರ್ಕುಗಳಿಗೆ ಇಪ್ಪತ್ತು ವರ್ಷದ ಯೋಜನೆ ಮಾಡಿ, ಯಾವ ಪಾರ್ಕಿಗೆ ಮೊದಲು ಎಂಬುದನ್ನು ಅಂಕಗಳಿಂದ ತೀರ್ಮಾನಿಸುವ ಕಟ್ಟಳೆ ತಂದರು. ಸುತ್ತಲಿನ ಜನರ ಬಡತನ ಮತ್ತು ವರ್ಣಭೇದದ ಹೊರೆ, ಜನಸಾಂದ್ರತೆ, ಮಕ್ಕಳ ಸಂಖ್ಯೆ, ಅಲ್ಲಿ ಓಡಾಡುವ ಭದ್ರತೆ ಒಂದು ಕಡೆ. ಪಾರ್ಕಿನ ವಸ್ತುಗಳ ಸ್ಥಿತಿ, ಅವುಗಳ ಆಯುಷ್ಯ, ಹಿಂದೆ ಅಲ್ಲಿಗೆ ಎಷ್ಟು ಖರ್ಚಾಗಿದೆ ಎಂಬುದು ಇನ್ನೊಂದು ಕಡೆ. ಸಿರಿವಂತ ದೇಶವೇ ಪಾಳಿ ಹಚ್ಚಿ ಹಂಚುವಾಗ ನಾವು ಬಾಯಿಬಲದಿಂದ ಹಂಚುವುದು ಯಾವ ನ್ಯಾಯ?

ನಮ್ಮ ಅಳತೆಗೋಲು

ನಮ್ಮ ಊರಿಗೆ ಹೊಂದುವಂತೆ ಐದು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ. ಒಟ್ಟು ಇಪ್ಪತ್ತು.

ಒಂದು, ಐದು ನಿಮಿಷದ ನಡಿಗೆಯಲ್ಲಿ ಎಷ್ಟು ಮನೆಗಳಿವೆ? ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಮನೆಯಿಂದ 300 ಮೀಟರಿನೊಳಗೆ ಕನಿಷ್ಠ ಅರ್ಧ ಹೆಕ್ಟೇರಿನ, ಅಂದರೆ ಸುಮಾರು ಒಂದೂಕಾಲು ಎಕರೆಯ ಹಸಿರು ಜಾಗ ಇರಬೇಕೆಂದು ಹೇಳುತ್ತದೆ. ಜಾಗ ಅಷ್ಟು ಸಿಗದಿರಬಹುದು, ದೂರದ ಲೆಕ್ಕವನ್ನಾದರೂ ಹಿಡಿಯಬಹುದು.

ಎರಡು, ಆ ಮನೆಗಳಿಗೆ ಅಂಗಳವಿದೆಯೇ, ಕೋಣೆಗಳೆಷ್ಟು, ಮಾಳಿಗೆ ತಗಡಿನದೋ ಸಿಮೆಂಟಿನದೋ?

ಮೂರು, ಮಕ್ಕಳು ಮತ್ತು ಮುದುಕರು ಎಷ್ಟು? ಅಂಗನವಾಡಿ ಕಾರ್ಯಕರ್ತೆಯ ಪುಸ್ತಕದಲ್ಲಿ ಮಕ್ಕಳ ಲೆಕ್ಕ ಇದ್ದೇ ಇದೆ.

ನಾಲ್ಕು, ಜಾಗದ ಸ್ಥಿತಿ ಏನು? ನೆರಳಿದೆಯೇ, ನೀರಿದೆಯೇ, ಹೆಂಗಸರು ಕತ್ತಲಾದ ಮೇಲೆ ನಡೆಯುವಷ್ಟು ದೀಪವಿದೆಯೇ?

ಐದು, ಕಳೆದ ಹತ್ತು ವರ್ಷದಲ್ಲಿ ಅಲ್ಲಿಗೆ ಎಷ್ಟು ರೊಕ್ಕ ಬಂದಿದೆ? ಹೆಚ್ಚು ಬಂದಿದ್ದರೆ ಕಡಿಮೆ ಅಂಕ.

ಲೆಕ್ಕ ಹೇಗೆ ನಡೆಯುತ್ತದೆಂದು ತೋರಿಸಲು ಕಲ್ಪನೆಯ ಎರಡು ಜಾಗ ತೆಗೆದುಕೊಳ್ಳೋಣ. ಅಧಿಕಾರಿಗಳ ವಸತಿಯ ಪಕ್ಕದ ಪಾರ್ಕು: ಮನೆ ಕಡಿಮೆ, ಒಂದು ಅಂಕ. ಮನೆಗೆಲ್ಲ ಅಂಗಳ, ಸೊನ್ನೆ. ಮಕ್ಕಳಿಗೆ ಒಂದು. ಸ್ಥಿತಿ ಚೆನ್ನ, ಒಂದು. ಎರಡು ಸಲ ಅನುದಾನ ಬಂದಿದೆ, ಸೊನ್ನೆ. ಒಟ್ಟು ಮೂರು. ಗಿರಣಿಯ ಹಿಂದಿನ ಕಸದ ಜಾಗ: ಮನೆಗಳಿಗೆ ಮೂರು, ಉಳಿದ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ನಾಲ್ಕು. ಒಟ್ಟು ಹತ್ತೊಂಬತ್ತು. ಇಷ್ಟು ಸ್ಪಷ್ಟವಾದ ಮೇಲೆ ಯಾವ ಸದಸ್ಯನೂ ಸಭೆಯಲ್ಲಿ ನಿಂತು ಮೂರನ್ನು ಹತ್ತೊಂಬತ್ತಕ್ಕಿಂತ ದೊಡ್ಡದೆಂದು ಹೇಳಲಾರ. ಹೇಳಿದರೆ ಜನ ಕೇಳಿಸಿಕೊಳ್ಳುತ್ತಾರೆ.

ಆದರೆ ಬಂಧುಗಳೆ, ಈ ಲೆಕ್ಕದಲ್ಲಿ ಒಂದು ತೂತು ಇದೆ. ಆ ತೂತಿನಲ್ಲಿ ಬೀಳುವವರು ನಾವೇ, ದಢೇಸುಗೂರಿನವರು. ಮನೆಗಳನ್ನು ಮಾತ್ರ ಎಣಿಸಿದರೆ ಸಿಂಧನೂರಿನಲ್ಲಿ ನಮ್ಮ ಮನೆ ಎಲ್ಲಿದೆ? ಮಾರುಕಟ್ಟೆ ಯಾರ್ಡಿನಲ್ಲಿ ಚೀಲ ಹೊರುವವನ ಮನೆ ಹಳ್ಳಿಯಲ್ಲಿ. ಬಸ್‌ಸ್ಟ್ಯಾಂಡಿನ ಮುಂದೆ ಬಾಳೆಹಣ್ಣು ಮಾರುವವಳ ಮನೆ ಕ್ಯಾಂಪಿನಲ್ಲಿ. ಆಸ್ಪತ್ರೆಯ ಹೊರಗೆ ರಾತ್ರಿ ಕಳೆಯುವವರು ತಾಲ್ಲೂಕಿನ ನಾನಾ ಊರುಗಳವರು. ಇವರ ಹೆಸರು ಯಾವ ವಾರ್ಡಿನ ಮತದಾರರ ಪಟ್ಟಿಯಲ್ಲೂ ಇಲ್ಲ, ಆದ್ದರಿಂದ ಯಾವ ಸದಸ್ಯನಿಗೂ ಇವರ ಚಿಂತೆ ಇಲ್ಲ. ಊರನ್ನು ಬೆವರಿನಿಂದ ನಡೆಸುವವರು ಊರಿನ ಲೆಕ್ಕದಲ್ಲೇ ಇಲ್ಲ!

ಅದಕ್ಕೆ ಮೊದಲ ಪ್ರಶ್ನೆಯನ್ನು ತಿದ್ದಬೇಕು. ಮನೆಗಳ ಜೊತೆಗೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆ ಜಾಗದ ಸುತ್ತ ಎಷ್ಟು ಜನ ಬಿಸಿಲಿನಲ್ಲಿ ನಿಂತಿರುತ್ತಾರೆ ಎಂದೂ ಎಣಿಸಬೇಕು. ಒಂದು ಸಂತೆಯ ದಿನ, ಒಂದು ಸಾಧಾರಣ ದಿನ. ಕಾಲೇಜಿನ ನಾಲ್ಕು ಹುಡುಗರು ಕಾಗದ ಹಿಡಿದು ನಿಂತರೆ ಮುಗಿಯುವ ಕೆಲಸ. ಆಗ ಗಿರಣಿಯ ಹಿಂದಿನ ಓಣಿಗೆ ಮೊದಲ ಸ್ಥಾನ, ಬಸ್‌ಸ್ಟ್ಯಾಂಡು ಆಸ್ಪತ್ರೆಗಳ ಹತ್ತಿರದ ಜಾಗಕ್ಕೆ ಎರಡನೆಯದು ಬರಬಹುದು.

ನಾಲ್ಕು ಆಕ್ಷೇಪಣೆಗಳು

ಮೊದಲ ಆಕ್ಷೇಪಣೆ: ಕುಡಿಯುವ ನೀರಿಗೆ, ಚರಂಡಿಗೆ ಗತಿಯಿಲ್ಲದಾಗ ಪಾರ್ಕು ಏಕೆ? ಮಾತು ಸರಿಯೇ. ನೀರು ಮೊದಲು, ಚರಂಡಿ ಮೊದಲು. ಆದರೆ ಪಾರ್ಕಿನ ಹೆಸರಿನಲ್ಲಿ ಬಂದ ರೊಕ್ಕವನ್ನು ಚರಂಡಿಗೆ ಬಳಸಲಾಗುವುದಿಲ್ಲ. ನಾವು ಕೇಳದಿದ್ದರೆ ಅದು ಚರಂಡಿಗೆ ಹೋಗುವುದಿಲ್ಲ, ಇನ್ನೊಂದು ಕಾರಂಜಿಗೆ ಹೋಗುತ್ತದೆ. ಮತ್ತೆ ನಾವು ಕೇಳುತ್ತಿರುವುದು ಹುಲ್ಲುಹಾಸನ್ನಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಇಲ್ಲಿ ಹುಲ್ಲಿಗೆ ದಿನವೂ ನೀರು ಬೇಕು, ನೆರಳು ಮಾತ್ರ ಒಂದು ಗೇಣೂ ಇಲ್ಲ. ಬೇವು, ಹೊಂಗೆ, ಆಲ, ಬಸರಿ ನೆಟ್ಟು ಮೂರು ಬೇಸಿಗೆ ನೀರು ಹಾಕಿದರೆ ಮೂವತ್ತು ಬೇಸಿಗೆ ನೆರಳು ಕೊಡುತ್ತವೆ. ಹಾರುವ ಬೂದಿಯನ್ನೂ ಅಷ್ಟಿಷ್ಟು ತಡೆಯುತ್ತವೆ. ಒಂದು ಕಾರಂಜಿಯ ಖರ್ಚಿನಲ್ಲಿ ಒಂದು ಓಣಿಯ ತುಂಬ ಮರವಾಗುತ್ತದೆ.

ಎರಡನೆಯದು ವ್ಯಾಪಾರಿ ಅಣ್ಣಂದಿರದು. ಬಜಾರಿನ ನಡುವಿನ ಪಾರ್ಕು ಚೆಂದವಾದರೆ ಗಿರಾಕಿ ಬರುತ್ತಾರೆ, ತೆರಿಗೆ ಕಟ್ಟುವವರು ನಾವಲ್ಲವೇ ಎನ್ನುತ್ತೀರಿ. ಅಣ್ಣಾ, ಚೆಂದ ಮಾಡುವಾಗ ಮೊದಲು ಎದ್ದು ಹೋಗುವುದು ಯಾರ ಬಂಡಿ? ಸುಂದರೀಕರಣ ಎಂಬ ಮಾತು ಕೇಳಿದರೆ ತಳ್ಳುಬಂಡಿಯವನ ಎದೆ ಏಕೆ ನಡುಗುತ್ತದೆ? ಬೀದಿ ವ್ಯಾಪಾರಿಗಳ ಕಾನೂನು 2014ರಲ್ಲಿ ಬಂದಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯುವ ಮೊದಲು ಎಬ್ಬಿಸುವಂತಿಲ್ಲ. ಪಾರ್ಕಿನ ನಕ್ಷೆ ಬರೆಯುವ ದಿನವೇ ಗೋಡೆಯ ಹೊರಗೆ ಬಂಡಿಗಳ ಜಾಗವನ್ನೂ ಬರೆಸಿರಿ. ಓಣಿಯ ಪಾರ್ಕಿಗೆ ಸಂಜೆ ಇನ್ನೂರು ಜನ ಬಂದರೆ ಮಂಡಕ್ಕಿ, ಮಿರ್ಚಿ, ಚಹಾದ ವ್ಯಾಪಾರ ಆ ಓಣಿಯವರದೇ.

ಮೂರನೆಯದು: ಬಡವರ ಓಣಿಯಲ್ಲಿ ಮಾಡಿದರೆ ಉಳಿಯುವುದಿಲ್ಲ, ಹಾಳು ಮಾಡುತ್ತಾರೆ. ಈ ಮಾತನ್ನು ನಾನು ನಗುನಗುತ್ತ ಹೇಳುವವರ ಬಾಯಿಂದ ಕೇಳಿದ್ದೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಅದನ್ನು ಬಡವರು ಹಾಳು ಮಾಡಿದರೇ? ಏಳು ದಶಕ ಸವೆದ ಕಬ್ಬಿಣ ಅದು. ಕಟ್ಟಿದ್ದನ್ನು ನೋಡಿಕೊಳ್ಳದಿದ್ದರೆ ಅಣೆಕಟ್ಟೆಯೂ ಉಳಿಯದು, ಜೋಕಾಲಿಯೂ ಉಳಿಯದು. ಆದ್ದರಿಂದ ಕಟ್ಟುವ ರೊಕ್ಕದ ಜೊತೆಗೇ ಮಾಲಿಯ ಪಗಾರ, ನಲ್ಲಿಯ ರಿಪೇರಿ ಬಜೆಟ್ಟಿನಲ್ಲಿ ಕಾಣಬೇಕು. ಮಾಲಿಯನ್ನು ಅದೇ ಓಣಿಯಿಂದ ನೇಮಿಸಬೇಕು. ಬೀಗ ಮತ್ತು ಟಿಕೀಟು ಬೇಡ. ಬಿಸಿಲಿನ ಹೊತ್ತು ಬೀಗ ಹಾಕಿ, ಬೆಳಗ್ಗೆ ವಾಯುವಿಹಾರದವರಿಗೆ ಮಾತ್ರ ತೆರೆಯುವ ಪಾರ್ಕು ನಮ್ಮದಲ್ಲ.

ನಾಲ್ಕನೆಯದು: ಅಂಕ ಹಾಕುವವರೇ ಕಳ್ಳಲೆಕ್ಕ ಹಾಕಿದರೆ? ಹಾಕಿಯಾರು. ಅದಕ್ಕೇ ಅಂಕಗಳನ್ನು ಕಚೇರಿಯೊಳಗೆ ಹಾಕಬಾರದು. ಓಣಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಬೇಕು, ನಗರಸಭೆಯ ಗೋಡೆಯ ಮೇಲೆ ಅಂಟಿಸಬೇಕು. ತಗಡಿನ ಮನೆಯನ್ನು ಸಿಮೆಂಟಿನದೆಂದು ಬರೆದರೆ ಆ ಮನೆಯವಳೇ ಎದ್ದು ಕೇಳುತ್ತಾಳೆ.

ಮೊದಲು ಜಾಗ, ಆಮೇಲೆ ಗಿಡ

ಇವೆಲ್ಲಕ್ಕೂ ಮುಂಚೆ ಒಂದು ಕೆಲಸವಿದೆ. ಬಡಾವಣೆ ಮಾಡುವವರು ಉದ್ಯಾನಕ್ಕೆಂದು ಜಾಗ ಬಿಡಲೇಬೇಕೆಂಬ ಕಾನೂನು ಇದೆ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು ಬಿಡುತ್ತಾರೆ. ನಾಲ್ಕು ವರ್ಷಕ್ಕೆ ಅಲ್ಲಿ ಒಂದು ಶೆಡ್ಡು, ಎಂಟು ವರ್ಷಕ್ಕೆ ಒಂದು ಮಾಳಿಗೆ ಏಳುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯ ಟ್ರಸ್ಟಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಉದ್ಯಾನದ ಜಾಗ ಸಾರ್ವಜನಿಕರದು, ಅದಕ್ಕಾಗಿ ಸುತ್ತಲಿನ ನಿವಾಸಿ ನ್ಯಾಯಾಲಯದ ಬಾಗಿಲು ತಟ್ಟಬಹುದು ಎಂದಿತು. ಅದು ಅನುಕೂಲಸ್ಥರ ಬಡಾವಣೆ, ವಕೀಲರಿಗೆ ಕೊಡಲು ರೊಕ್ಕವಿತ್ತು. ಆದರೆ ತೀರ್ಪು ಅವರೊಬ್ಬರದಲ್ಲ, ಗಿರಣಿಯ ಹಿಂದಿನ ಓಣಿಗೂ ಅದೇ ಕಾನೂನು. ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲೆಂದೇ 1985ರ ಕಾಯಿದೆಯೂ ಇದೆ.

ಆದ್ದರಿಂದ ಮೊದಲ ರೂಪಾಯಿ ಖರ್ಚಾಗಬೇಕಾದದ್ದು ಅಳತೆಗೆ, ಕಲ್ಲು ನೆಡುವುದಕ್ಕೆ, ಫಲಕಕ್ಕೆ. ಊರಿನಲ್ಲಿ ಉದ್ಯಾನದ ಜಾಗಗಳೆಷ್ಟು, ಎಲ್ಲಿ, ಎಷ್ಟು ಗುಂಟೆ ಎಂಬ ಪಟ್ಟಿ ಬೇಕು. ಹತ್ತು ರೂಪಾಯಿ ಶುಲ್ಕ ಕೊಟ್ಟು 2005ರ ಮಾಹಿತಿ ಹಕ್ಕಿನ ಕಾನೂನಿನಲ್ಲಿ ಅರ್ಜಿ ಹಾಕಿದರೆ ಆ ಪಟ್ಟಿಯನ್ನೂ ಹತ್ತು ವರ್ಷದ ಖರ್ಚಿನ ಲೆಕ್ಕವನ್ನೂ ಕೇಳಬಹುದು. ಅರ್ಜಿ ಬರೆಯಲು ಬಾರದಿದ್ದರೆ ನನ್ನ ಅಂಗಡಿಗೆ ಬನ್ನಿ, ಬರೆದುಕೊಡುತ್ತೇನೆ.

ಕೊನೆಯ ಮಾತು

ಹೇಳಲು ಕಷ್ಟವಾದ ಮಾತೊಂದು ಉಳಿದಿದೆ. ಈ ಲೆಕ್ಕ ಮಾಡಿದ ದಿನ ನಮ್ಮ ಓಣಿಗೆ ಮೊದಲ ಸ್ಥಾನ ಬಾರದೆ ಹೋಗಬಹುದು. ನಮಗಿಂತ ಕಷ್ಟದಲ್ಲಿರುವ ಓಣಿ ಇರಬಹುದು. ಪೌರಕಾರ್ಮಿಕರ ಕೇರಿಗೆ, ಅಲೆಮಾರಿಗಳ ಗುಡಿಸಲುಗಳಿಗೆ ನಮಗಿಂತ ಎರಡು ಅಂಕ ಹೆಚ್ಚು ಬರಬಹುದು. ಆಗ ನಾವು ಏನು ಮಾಡುತ್ತೇವೆ? ಸದಸ್ಯರ ಮನೆಗೆ ರಾತ್ರಿ ಹೋಗಿ ಕೈ ಮುಗಿಯುತ್ತೇವೆಯೇ? ಕಾಲುವೆಯ ಕೆಳಗಿರುವಾಗ ಒಂದು ನ್ಯಾಯ, ಮೇಲಿರುವಾಗ ಒಂದು ನ್ಯಾಯ ಎಂದರೆ ತೂಬು ಎತ್ತಿದವನಿಗೂ ನಮಗೂ ಏನು ಅಂತರ? ಅಳತೆಗೋಲು ನಮ್ಮದಾದ ಮೇಲೆ ಅದು ನಮ್ಮನ್ನು ಅಳೆದರೂ ತಲೆಬಾಗಬೇಕು. ಎರಡು ವರ್ಷ ಕಾಯಬೇಕಾದರೆ ಕಾಯೋಣ. ನಮ್ಮ ಪಾಳಿ ಎಷ್ಟನೆಯದೆಂದು ಗೊತ್ತಿದ್ದು ಕಾಯುವವನು ಪೌರ. ಗೊತ್ತಿಲ್ಲದೆ ಕಾಯುವವನು ಭಿಕ್ಷುಕ.

ಈ ಹೊಳೆಯನ್ನೇ ನೋಡಿ. ಒಂದು ಕಾಲಕ್ಕೆ ಇದು ಎರಡು ಆಳ್ವಿಕೆಗಳ ಗಡಿಯಾಗಿತ್ತು. ಈ ದಂಡೆ ನಿಜಾಮನದು, ಆ ದಂಡೆ ಮದ್ರಾಸಿನದು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಹೋಯಿತು, 1953ರಲ್ಲಿ ಬಳ್ಳಾರಿ ಮೈಸೂರು ಸೇರಿತು, 1956ರಲ್ಲಿ ಎರಡು ದಂಡೆಗಳೂ ಒಂದೇ ರಾಜ್ಯದವಾದವು. ನಕ್ಷೆಯ ಗೆರೆ ಅಳಿಸಲು ನಮ್ಮ ಹಿರಿಯರಿಗೆ ಸಾಧ್ಯವಾಯಿತು. ಊರೊಳಗಿನ ಗೆರೆ, ನೆರಳಿದ್ದವರಿಗೂ ಬಿಸಿಲಿದ್ದವರಿಗೂ ನಡುವಿನ ಗೆರೆ, ಅದು ನಮ್ಮ ಪಾಲಿಗೆ ಬಿಟ್ಟ ಕೆಲಸ.

ನಮ್ಮ ಬೇಡಿಕೆಗಳು ಮೂರು. ಉದ್ಯಾನದ ಜಾಗಗಳ ಪಟ್ಟಿ ಹೊರಗೆ ಬರಲಿ. ಅಂಕಗಳು ಓಣಿಯಲ್ಲಿ ಓದಿಸಲ್ಪಡಲಿ. ಹೆಚ್ಚು ಅಂಕದ ಜಾಗಕ್ಕೆ ಮೊದಲ ರೊಕ್ಕ ಎಂದು ಸಭೆಯ ನಿರ್ಣಯದಲ್ಲಿ ಬರೆಯಲಿ. ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಭೆ ಕರೆಯುವ ವಾಡಿಕೆ ನಮ್ಮ ರಾಜ್ಯದ ಪಟ್ಟಣಗಳಲ್ಲಿದೆ. ಮುಂದಿನ ಸಲ ಕರೆದಾಗ ಅಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ನಾವು ಕುಳಿತಿರಬೇಕು. ಒಂದು ಹೊತ್ತಿನ ಕೂಲಿ ಹೋಗುತ್ತದೆ, ನಿಜ. ಹೋಗಲಿ. ಲಾರಿಯ ಕೆಳಗೆ ನೆರಳು ಹುಡುಕಿದ ಮಗುವಿನ ಕಾಲಿಗಿಂತ ಅದು ದೊಡ್ಡದಲ್ಲ.